ಕೂ ಅಂದರೆ ಓ ಅನ್ನುವ ರೇಡಿಯೊ: ಮಲೆನಾಡಿನ ಮನೆಯಿಂದ ಶಬ್ದಕಲೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ಮನೆಗಳು ದೂರ ದೂರ. ನಡುವೆ ತೋಟ, ದರೆ, ಹಳ್ಳ. ಫೋನ್ ಇಲ್ಲದ ಕಾಲದಲ್ಲಿ ಆಚೆ ಮನೆಯವರನ್ನು ಕರೆಯಬೇಕಿದ್ದರೆ ಅಂಗಳದ ತುದಿಗೆ ಬಂದು "ಕೂ..." ಎಂದು ಕೂಗು ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ "ಓ..." ಬರುತ್ತಿತ್ತು. ಹೇಳುವ ಮಾತು ಆಮೇಲೆ. ಮೊದಲು ಆ ಓ ಬರಬೇಕು.

ರೇಡಿಯೊ ಬಂದ ಮೇಲೆ ದನಿ ಎಲ್ಲೆಲ್ಲಿಂದಲೋ ಬರತೊಡಗಿತು. ಆದರೆ ಅದಕ್ಕೆ ಓಗೊಡುವ ದಾರಿ ನಮಗೆ ಇರಲಿಲ್ಲ. ಕಾಗದ ಬರೆದು ವಾರಗಟ್ಟಲೆ ಕಾಯಬೇಕಿತ್ತು. ಇಂಟರ್ನೆಟ್ ರೇಡಿಯೊ ಬಂದರೂ ಅಷ್ಟೇ, ಸುಮ್ನೆ ಕೇಳುತ್ತಾ ಕೂರುತ್ತೇವೆ. ಕೇಳುವವರು ಕೈ ಹಾಕಿದರೆ ಶಬ್ದ ಬದಲಾಗಬೇಕು, ಆ ಬದಲಾವಣೆ ಇನ್ನೊಂದು ಊರಿನ ಮನುಷ್ಯರನ್ನು ಮುಟ್ಟಬೇಕು. ಆಗಲೇ ಅದು ಶಬ್ದಕಲೆ ಎಂದು ನಾನು ನಂಬಿದ್ದೇನೆ. ಮೂರು ಮಳೆಗಾಲದಿಂದ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟಕ್ಕೂ ಶಿವಮೊಗ್ಗ ಪೇಟೆಯ ಒಂದು ಕೋಣೆಗೂ ನಡುವೆ ಇಂಥದ್ದೊಂದನ್ನು ನಡೆಸುತ್ತಿದ್ದೇನೆ. ಅದನ್ನು ನೀವೂ ಕಟ್ಟಬಹುದು. ಹೇಗೆ ಎಂದು ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ.

ಕಟ್ಟುವುದು ಏನನ್ನು?

ಮೂರು ತುಂಡುಗಳಿವೆ. ತೋಟದಲ್ಲಿ ಒಂದು ಪೆಟ್ಟಿಗೆ: ಅದರಲ್ಲಿ ಮೈಕು, ಪಕ್ಕದಲ್ಲಿ ದನದ ಕೊರಳಿಗೆ ಕಟ್ಟುವ ಒಂದು ಮರದ ಗಂಟೆ. ನಡುವೆ ಬಾಡಿಗೆಯ ಒಂದು ಸಣ್ಣ ಸರ್ವರ್, ಅಂದರೆ ಸದಾ ಇಂಟರ್ನೆಟ್‌ನಲ್ಲಿರುವ ದೂರದ ಕಂಪ್ಯೂಟರು. ಪೇಟೆಯಲ್ಲಿ ಹಳೇ ರೇಡಿಯೊ ಪೆಟ್ಟಿಗೆ, ಅದಕ್ಕೆ ಒಂದು ತಿರುಗಿಸುವ ಗುಂಡಿ, ಒಂದು ಒತ್ತುವ ಗುಂಡಿ.

ತಿರುಗಿಸುವ ಗುಂಡಿಯ ಒಂದು ತುದಿಯಲ್ಲಿ ಭದ್ರಾವತಿ ಆಕಾಶವಾಣಿ, ಗಾಳಿಯಲ್ಲಿ ನೇರವಾಗಿ ಬಂದದ್ದು. ಹಾಗೇ ತಿರುಗಿಸುತ್ತಾ ಹೋದರೆ ತೋಟ, ಹಳ್ಳ, ಕೊಟ್ಟಿಗೆ. ಇವು ಇಂಟರ್ನೆಟ್ ಮೂಲಕ ಬರುವ ದನಿಗಳು. ಒತ್ತುವ ಗುಂಡಿಯನ್ನು ಒತ್ತಿದರೆ ತೋಟದ ಮನೆಯಲ್ಲಿ ಗಂಟೆ ಬಡಿಯುತ್ತದೆ. ಆ ಸದ್ದನ್ನು ಅಲ್ಲಿನ ಮೈಕು ಹಿಡಿಯುತ್ತದೆ. ಹತ್ತು ಸೆಕೆಂಡಿನ ಹೊತ್ತಿಗೆ, ಒತ್ತಿದವರು ತಾವೇ ಬಡಿದ ಗಂಟೆಯನ್ನು ಅಲ್ಲಿನ ಮಳೆಯ ಜೊತೆಗೆ ಕೇಳುತ್ತಾರೆ. ತೋಟದ ಮನೆಯಲ್ಲಿ ಯಾರಾದರೂ ಇದ್ದರೆ ಮೈಕಿನ ಹತ್ತಿರ ಬಂದು "ಓ" ಅನ್ನಬಹುದು. ಅದಕ್ಕೆ ಬೇರೆ ಯಂತ್ರ ಬೇಡ.

ತೋಟದಲ್ಲಿ ಸ್ಪೀಕರ್ ಬದಲು ಗಂಟೆ ಇಡುವುದಕ್ಕೆ ಕಾರಣವಿದೆ. ಮೈಕು, ಸ್ಪೀಕರ್ ಎರಡೂ ಒಂದೇ ಕಡೆ ಇದ್ದರೆ ದನಿ ಸುತ್ತಿ ಸುತ್ತಿ ಬಂದು ಕಿರುಚುತ್ತದೆ. ಗಂಟೆಗೆ ಆ ತೊಂದರೆ ಇಲ್ಲ. ಅಲ್ಲದೆ ಕಾಡಿನಲ್ಲಿ ಮೇಯುವ ದನ ಎಲ್ಲಿದೆ ಎಂದು ತಿಳಿಯಲೆಂದೇ ಮಾಡಿದ ಗಂಟೆ ಅದು. ಎಲೆ ಗಿಡಗಳ ನಡುವೆ ಚೂಪು ದನಿ ಬೇಗ ಕರಗುತ್ತದೆ, ಮರದ ಗಂಟೆಯ ತಗ್ಗಿನ ದನಿ ದೂರ ಹೋಗುತ್ತದೆ.

ಇದು ಪೂರಾ ಹೊಸ ಯೋಚನೆಯೇನಲ್ಲ. 1966ರಲ್ಲಿ ಮ್ಯಾಕ್ಸ್ ನ್ಯೂಹೌಸ್ ಎಂಬ ಕಲಾವಿದ ನ್ಯೂಯಾರ್ಕಿನ ಒಂದು ರೇಡಿಯೊ ನಿಲಯದಲ್ಲಿ ಕೂತು, ಜನ ಫೋನಿನಲ್ಲಿ ಕಳಿಸಿದ ಶಬ್ದಗಳನ್ನು ಬೆರೆಸಿ ಆ ಕ್ಷಣದಲ್ಲೇ ಪ್ರಸಾರ ಮಾಡಿದ್ದರು. ಫ್ರಾನ್ಸಿನ ಲೋಕಸ್ ಸೋನಸ್ ಗುಂಪು ಜಗತ್ತಿನ ನಾನಾ ಕಡೆ ಸದಾ ತೆರೆದಿರುವ ಮೈಕುಗಳನ್ನು ಒಂದೇ ನಕ್ಷೆಗೆ ತಂದಿದೆ. ನಮ್ಮಲ್ಲೂ ಇದಕ್ಕೊಂದು ಬೇರು ಇದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಆ ನಿಲಯಕ್ಕೆ. ಮನೆಯಿಂದ ರೇಡಿಯೊ ನಡೆಸುವುದು ಕನ್ನಡದವರಿಗೆ ಹೊಸದಲ್ಲ.

ಮೊದಲು ಕಾನೂನು ತಿಳಿದುಕೊಳ್ಳಿ

ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್‌ಗಳು ಸುಲಭವಾಗಿ ಸಿಗುತ್ತವೆ. ತರಬೇಡಿ. ಪರವಾನಗಿ ಇಲ್ಲದೆ ಎಫ್‌ಎಂನಲ್ಲಿ ಪ್ರಸಾರ ಮಾಡುವುದು ನಮ್ಮ ದೇಶದಲ್ಲಿ ಅಪರಾಧ. ಸಮುದಾಯ ಬಾನುಲಿಗೆ ಪರವಾನಗಿ ಇದೆ, ಆದರೆ ಅದು ಸಂಸ್ಥೆಗಳಿಗೆ ಮಾತ್ರ, ಒಬ್ಬ ವ್ಯಕ್ತಿಗೆ ಸಿಗುವುದಿಲ್ಲ. ಮೊದಲು ಶಿಕ್ಷಣ ಸಂಸ್ಥೆಗಳಿಗಷ್ಟೇ ಇದ್ದ ಈ ಅವಕಾಶವನ್ನು 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೊಟ್ಟರು. ಹೊರಸೂಸುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಒಳಗೆ ಇರಬೇಕು.

ಹಾಗಾಗಿ ನಮಗೆ ಸ್ಥಳೀಯ ಪ್ರಸಾರಕ್ಕೆ ಮೂರು ದಾರಿ ಉಳಿಯುತ್ತವೆ. ಗಾಳಿಯಲ್ಲಿ ಈಗಾಗಲೇ ಇರುವ ಆಕಾಶವಾಣಿಯನ್ನು ಹಿಡಿದು ಕೋಣೆಯಲ್ಲಿ ಬಳಸುವುದು. ಕೋಣೆಯೊಳಗಿನ ವೈಫೈಯನ್ನೇ ಸಣ್ಣ ನಿಲಯ ಮಾಡಿಕೊಳ್ಳುವುದು. ಪರವಾನಗಿ ಇರುವ ಹತ್ತಿರದ ಸಮುದಾಯ ಬಾನುಲಿಯ ಜೊತೆ ಕೈ ಜೋಡಿಸುವುದು. ಮೂರನ್ನೂ ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. ಆಕಾಶವಾಣಿಯ ದನಿಯನ್ನು ನಿಮ್ಮ ಇಂಟರ್ನೆಟ್ ಪ್ರಸಾರಕ್ಕೆ ಸೇರಿಸಬೇಡಿ. ಕೃತಿಸ್ವಾಮ್ಯ ಕಾಯಿದೆ ಪ್ರಸಾರಕರಿಗೆ ತಮ್ಮ ಪ್ರಸಾರದ ಮೇಲೆ 25 ವರ್ಷದ ಹಕ್ಕು ಕೊಟ್ಟಿದೆ. ಅದು ಕೋಣೆಯೊಳಗಿನ ರೇಡಿಯೊದಲ್ಲೇ ಇರಲಿ, ಪ್ರವೇಶಕ್ಕೆ ದುಡ್ಡು ತೆಗೆದುಕೊಳ್ಳಬೇಡಿ.

ಜಾಗ ಹುಡುಕುವುದು

ಈ ಕೆಲಸಕ್ಕೆ ಒಂದು ವಾರ ಕೊಡಿ. ಸಾಮಾನು ಕೊಳ್ಳುವ ಮೊದಲೇ ಕೊಡಿ. ಬೆಳಿಗ್ಗೆ ಐದೂವರೆಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಕತ್ತಲಾಗುವಾಗ ಒಮ್ಮೆ, ಅದೇ ಜಾಗದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಜೀರುಂಡೆ, ಸಿಳ್ಳಾರ ಹಕ್ಕಿ, ಅಡಿಕೆ ಹಾಳೆ ಕಳಚಿ ಬೀಳುವ ಸದ್ದು, ದೂರದ ಬಸ್ಸಿನ ಹಾರನ್ನು, ಹಂಡೆಗೆ ನೀರು ಬೀಳುವುದು ಎಲ್ಲ ಇದ್ದವು. ಮೈಕು ಎಲ್ಲಿಡಬೇಕು ಎಂದು ಹೇಳಿದ್ದು ಆ ಪಟ್ಟಿಯೇ.

ಹಳ್ಳದ ತೀರಾ ಹತ್ತಿರ ಮೈಕು ಇಡಬೇಡಿ. ಮಳೆಗಾಲದಲ್ಲಿ ಬರೀ ಭೋರ್ ಎನ್ನುವ ಒಂದೇ ಸದ್ದು ಕೇಳುತ್ತದೆ, ಬೇರೆ ಏನೂ ಅದರೊಳಗೆ ನಿಲ್ಲುವುದಿಲ್ಲ. ಮೂವತ್ತು ನಲವತ್ತು ಹೆಜ್ಜೆ ಹಿಂದೆ ಸರಿದರೆ ಹಳ್ಳವೂ ಇರುತ್ತದೆ, ಕಪ್ಪೆಯೂ ಇರುತ್ತದೆ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಏನನ್ನೂ ಕಟ್ಟಬೇಡಿ. ತೋಟದ ಅಂಚೇ ಸಾಕು, ಕಾಡಿನ ದನಿ ಅಲ್ಲಿಗೇ ಬರುತ್ತದೆ. ಹಕ್ಕಿ ಗೂಡಿನ ಹತ್ತಿರ ಇಡಲೇಬೇಡಿ.

ಮೊದಲ ವರ್ಷ ನಾನು ಮೈಕನ್ನು ಜಗುಲಿಯ ಮಾಡಿಗೆ ಕಟ್ಟಿದ್ದೆ. ಮನೆಯವರು ಒಪ್ಪಿದ್ದರು. ಆದರೆ ಒಂದು ಸಂಜೆ ನೆಂಟರು ಬಂದು ಜಮೀನು ಪಾಲಿನ ಮಾತು ತೆಗೆದರು. ಅಷ್ಟೂ ಮಾತು ಪೇಟೆಯ ಕೋಣೆಯಲ್ಲಿ ಕೇಳಿಸಿತು. ಆ ಮನೆಯವರ ಮುಂದೆ ನಿಂತು ಕ್ಷಮೆ ಕೇಳಿದ ದಿನ ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ ನಾಲ್ಕು ನಿಯಮ ಇಟ್ಟುಕೊಂಡಿದ್ದೇನೆ. ಮಾತು ಕೇಳುವಷ್ಟು ಹತ್ತಿರ ಮೈಕು ಇಡುವುದಿಲ್ಲ. ಮೈಕು ತೆರೆದಿರುವಾಗ ಒಂದು ಕೆಂಪು ದೀಪ ಉರಿಯುತ್ತಿರಬೇಕು. ಬಂದ ನೆಂಟರಿಗೂ ಕಾಣುವ ಹಾಗೆ ಕನ್ನಡದಲ್ಲಿ ಬೋರ್ಡ್ ಇರಬೇಕು. ಆರಿಸುವ ಸ್ವಿಚ್ಚು ಮನೆಯವರ ಕೈಗೆ ಸಿಗುವ ಜಾಗದಲ್ಲಿರಬೇಕು, ನನ್ನನ್ನು ಕೇಳದೆ ಆರಿಸುವ ಹಾಗಿರಬೇಕು.

ತೋಟದ ಪೆಟ್ಟಿಗೆ

ಒಳಗಿರುವುದು ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರು. ಝೀರೋ 2 ಡಬ್ಲ್ಯು ಮಾದರಿ ಸಾಕು. ಅದಕ್ಕೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಎಲೆಕ್ಟ್ರೆಟ್ ಮೈಕು. ಮೈಕಿನ ತಂತಿ ಮೂರು ಮೀಟರ್ ಒಳಗೆ ಇರಲಿ, ಮೇಲೆ ಜಾಲರಿ ಹೊದಿಕೆ ಇರುವ ಶೀಲ್ಡ್ ತಂತಿಯೇ ಆಗಬೇಕು. ಇಲ್ಲದಿದ್ದರೆ ಕರೆಂಟಿನ ಗುಂಯ್ ಸದ್ದು ಸೇರುತ್ತದೆ.

ಕಷ್ಟದ ಭಾಗ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಉಳಿದ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಸಾಮಾನೂ ಒಣಗುವುದಿಲ್ಲ. ಮೈಕಿನ ಮೇಲೆ ಒಂದು ಸೂರು ಬೇಕೇ ಬೇಕು. ನಾನು ಮೊದಲು ತಗಡು ಹಾಕಿದೆ. ಹನಿ ಬಿದ್ದಾಗಲೆಲ್ಲ ಟಣ್ ಟಣ್. ಆಮೇಲೆ ಪ್ಲಾಸ್ಟಿಕ್, ಅದು ಪಟಪಟ. ಕೊನೆಗೆ ಉಪಾಯ ಕಾಲ ಬುಡದಲ್ಲೇ ಬಿದ್ದಿತ್ತು: ಅಡಿಕೆ ಹಾಳೆ. ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಟೊಪ್ಪಿಯ ಹಾಗೆ ಮಡಚಿ, ತುದಿಗಳನ್ನು ಹೊಲಿದು, ಮೈಕಿನಿಂದ ಒಂದು ಗೇಣು ಮೇಲೆ ಇಳಿಜಾರಾಗಿ ಕಟ್ಟಿದೆ. ಒದ್ದೆ ಹಾಳೆ ಮೆತ್ತಗಿರುತ್ತದೆ, ಹನಿಯ ಪೆಟ್ಟನ್ನು ನುಂಗುತ್ತದೆ. ಈಗ ಕೇಳುವುದು ಸೂರಿನ ಸದ್ದಲ್ಲ, ತೋಟದ ಮಳೆ. ಮೇಲೆ ಅಡಿಕೆ ಹೆಡೆಯಿಂದ ದೊಡ್ಡ ಹನಿ, ಕೆಳಗೆ ಬಾಳೆ ಎಲೆಯ ಮೇಲೆ ಸಣ್ಣ ಹನಿ, ಎರಡೂ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ತಿಂಗಳಿಗೊಮ್ಮೆ ಹಾಳೆ ಬದಲಿಸಿ, ಬೂಸಲು ಹಿಡಿಯುತ್ತದೆ.

ಮೈಕಿನ ಬಾಯಿ ನೆಲದ ಕಡೆಗಿರಲಿ. ಅದಕ್ಕೆ ಸ್ಪಂಜು, ಅದರ ಮೇಲೆ ಜೂಲಿನ ಬಟ್ಟೆ ಹೊದಿಸಿ. ಪೆಟ್ಟಿಗೆಗೆ ತಂತಿ ಹೋಗುವ ತೂತು ಕೆಳಗಿನಿಂದ ಇರಲಿ, ತಂತಿಯನ್ನು ಒಮ್ಮೆ ಕೆಳಗೆ ಜೋತುಬಿಟ್ಟು ಮೇಲೆತ್ತಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತೂತಿಗೆ ಸೊಳ್ಳೆ ಪರದೆಯ ತುಂಡು ತುರುಕಿ, ಇಲ್ಲದಿದ್ದರೆ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇರುವೆ ಗೂಡು ಕಟ್ಟುತ್ತದೆ.

ಸೌಂಡ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಆಟೋ ಗೇನ್ ಎಂಬುದಿರುತ್ತದೆ. ಅದನ್ನು ಆರಿಸಿ. ಅದು ಚಾಲೂ ಇದ್ದರೆ ಮಳೆ ನಿಂತ ಕೂಡಲೇ ಯಂತ್ರ ತಾನಾಗಿ ದನಿ ಏರಿಸುತ್ತದೆ. ಜಡಿಮಳೆ ನಿಂತ ಮೇಲೆ ಬರುತ್ತದಲ್ಲ ಆ ಮೌನ, ಮಲೆನಾಡಿನ ಅತಿ ಚೆಂದದ ಶಬ್ದ ಅದು. ಆಟೋ ಗೇನ್ ಅದನ್ನೇ ಅಳಿಸಿಹಾಕುತ್ತದೆ. ಜೋರು ಮಳೆಯಲ್ಲಿ ಕೂತು ದನಿಯ ಮಟ್ಟ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. 100 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್ ಹಾಕಿ ಕತ್ತರಿಸಿದರೆ ಗಾಳಿಯ ಗುಡುಗುಡು ಹೋಗುತ್ತದೆ.

ಕರೆಂಟು ಹೋಗುವುದು ಇದ್ದದ್ದೇ. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 37 ವ್ಯಾಟ್‌ಅವರ್. ಈ ಪೆಟ್ಟಿಗೆ ಒಂದೂವರೆ ವ್ಯಾಟ್ ತಿಂದರೆ, ನಷ್ಟ ಕಳೆದು 20 ಗಂಟೆ ಓಡುತ್ತದೆ. ಚಾರ್ಜ್ ಆಗುತ್ತಲೇ ಕರೆಂಟು ಕೊಡುವಂಥ ಪವರ್ ಬ್ಯಾಂಕ್ ಆರಿಸಿ. ಮುಂಗಾರಿಗೆ ಮೊದಲಿನ ಗುಡುಗು ಮತ್ತು ದೀಪಾವಳಿ ಹೊತ್ತಿನ ಗುಡುಗಿಗೆ ಗೋಡೆಯ ಪ್ಲಗ್ಗು ಕಿತ್ತಿಡಿ. ಒಂದು ಸಿಡಿಲಿಗೆ ನನ್ನ ಒಂದು ಸೌಂಡ್ ಕಾರ್ಡ್, ಒಂದು ಪೈ ಎರಡೂ ಸುಟ್ಟಿವೆ.

ಗಂಟೆಗೆ ಎಸ್‌ಜಿ90 ಎಂಬ ಸಣ್ಣ ಸರ್ವೋ ಮೋಟಾರು ಸಾಕು. ಅದರ ತೋಳಿಗೆ ಬಿದಿರಿನ ಕಡ್ಡಿ, ಕಡ್ಡಿಯ ತುದಿಗೆ ಒಂದು ಒಣ ಅಡಿಕೆ ಕಟ್ಟಿ. ಟೊಕ್ ಎಂದು ಬಡಿಯುತ್ತದೆ. ಮೋಟಾರಿಗೆ 5 ವೋಲ್ಟನ್ನು ಬೇರೆ ಕಡೆಯಿಂದ ಕೊಡಿ, ನೆಲದ (ಗ್ರೌಂಡ್) ತಂತಿ ಮಾತ್ರ ಪೈ ಜೊತೆ ಸೇರಿಸಿ. ಪೈಯಿಂದಲೇ ಕೊಟ್ಟರೆ ಮೋಟಾರು ತಿರುಗಿದಾಗ ಕರೆಂಟು ಕುಸಿದು ಕಂಪ್ಯೂಟರು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಳ್ಳಕ್ಕೂ ಕೊಟ್ಟಿಗೆಗೂ ಬೇಕಾದರೆ ಇದೇ ಥರದ ಪೆಟ್ಟಿಗೆ, ಗಂಟೆ ಇಲ್ಲದೆ. ಮೊದಲ ವರ್ಷ ಒಂದೇ ಸಾಕು.

ನಡುವಿನ ಸರ್ವರ್

ಮೊಬೈಲ್ ಇಂಟರ್ನೆಟ್‌ನಲ್ಲಿ ನಿಮ್ಮ ಪೆಟ್ಟಿಗೆ ಹೊರಗೆ ಕಳಿಸಬಹುದು, ಆದರೆ ಹೊರಗಿನವರು ಅದರ ಬಾಗಿಲು ತಟ್ಟಲು ಸಾಮಾನ್ಯವಾಗಿ ಆಗುವುದಿಲ್ಲ. ಅದಕ್ಕೇ ನಡುವೆ ಒಂದು ಸರ್ವರ್ ಬೇಕು. ಇನ್ನೊಂದು ಲಾಭ: ತೋಟದಿಂದ ಹೊರಡುವುದು ದನಿಯ ಒಂದೇ ಧಾರೆ (ಸ್ಟ್ರೀಮ್), ನೂರು ಕೇಳುಗರಿಗೆ ಹಂಚುವ ಭಾರ ಸರ್ವರ್ ಮೇಲೆ.

ಸರ್ವರ್‌ನಲ್ಲಿ ಐಸ್‌ಕಾಸ್ಟ್ ಹಾಕಿ. ಬಂದ ದನಿಯನ್ನು ಕೇಳುಗರಿಗೆ ಹಂಚುವ ಉಚಿತ, ಮುಕ್ತ ತಂತ್ರಾಂಶ ಅದು. ಹಾಕಿದ ಕೂಡಲೇ ಅದರ ಸೆಟ್ಟಿಂಗ್ ಕಡತ ತೆರೆದು ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ಜೊತೆಗೆ ಬರುವ ಪಾಸ್‌ವರ್ಡ್ ಇಡೀ ಜಗತ್ತಿಗೆ ಗೊತ್ತು. ಅದು ಕೆಲಸ ಮಾಡುವ ಪೋರ್ಟ್ 8000. ತೋಟದ ಪೈಯಲ್ಲಿ ಮೈಕಿನ ದನಿಯನ್ನು ಸರ್ವರ್‌ಗೆ ಕಳಿಸುವ ಡಾರ್ಕ್‌ಐಸ್ ಅಥವಾ ಎಫ್‌ಎಫ್‌ಎಂಪೆಗ್ ಹಾಕಿ, ಸರ್ವರ್ ವಿಳಾಸ, ಪಾಸ್‌ವರ್ಡ್, ಧಾರೆಯ ಹೆಸರು ಕೊಟ್ಟರೆ ದನಿ ಹರಿಯಲು ಶುರು. ನೆಟ್‌ವರ್ಕ್ ಕಡಿದಾಗ ಆ ಪ್ರೋಗ್ರಾಂ ನಿಂತುಹೋಗುತ್ತದೆ. ನಿಂತರೆ ತಾನಾಗಿ ಮತ್ತೆ ಏಳುವ ಹಾಗೆ ಪೈಯ ಸಿಸ್ಟಮ್‌ಡಿಯಲ್ಲಿ (ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಹೇಳಿಡಿ. ಇದನ್ನು ಮರೆತರೆ ದಿನಕ್ಕೆ ಹತ್ತು ಸಲ ತೋಟಕ್ಕೆ ಓಡಬೇಕು.

ದನಿಯನ್ನು ಓಪಸ್ ಎಂಬ ಕುಗ್ಗಿಸುವ ಕ್ರಮದಲ್ಲಿ, ಮೊನೊ, ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ ಕಳಿಸಿ. ಗಂಟೆಗೆ 28.8 ಎಂಬಿ, ಇಡೀ ದಿನಕ್ಕೆ ಸುಮಾರು 690 ಎಂಬಿ ಡೇಟಾ ಹೋಗುತ್ತದೆ. ಅಷ್ಟೇ ಕಡಿಮೆ ಬಿಟ್‌ಗೆ ಎಂಪಿ3 ಮಾಡಿದರೆ ಮಳೆಯ ಸದ್ದು ಕೆಡುತ್ತದೆ, ಬಾಯಿ ಮುಕ್ಕಳಿಸಿದ ಹಾಗೆ ಕೇಳುತ್ತದೆ. ಮಳೆಯಲ್ಲಿ ಎಲ್ಲ ಸ್ವರವೂ ಒಟ್ಟಿಗೆ ಇರುತ್ತವೆ. ಕಡಿಮೆ ಜಾಗಕ್ಕೆ ಅದನ್ನು ಒತ್ತುವುದು ಮಾತು ಒತ್ತುವುದಕ್ಕಿಂತ ಕಷ್ಟ. ಕೆಲವು ಫೋನ್‌ಗಳಲ್ಲಿ ಓಪಸ್ ಧಾರೆ ಓಡುವುದಿಲ್ಲ, ಅವರಿಗಾಗಿ ಸರ್ವರ್‌ನಲ್ಲೇ 128 ಕಿಲೋಬಿಟ್‌ನ ಎಂಪಿ3 ಧಾರೆಯನ್ನೂ ಮಾಡಿಡಿ.

ಗಂಟೆಯ ಆಜ್ಞೆ ಕಳಿಸಲು ಎಂಕ್ಯುಟಿಟಿ ಎಂಬ ಹಗುರ ವ್ಯವಸ್ಥೆ ಇದೆ. ಸರ್ವರ್‌ನಲ್ಲಿ ಮಾಸ್ಕಿಟೊ ಎಂಬ ತಂತ್ರಾಂಶ ಹಾಕಿ. ತೋಟದ ಪೈ ಅದಕ್ಕೆ ತಾನೇ ಹೋಗಿ ಕಿವಿಗೊಟ್ಟು ಕೂರುತ್ತದೆ. ಪೇಟೆಯಲ್ಲಿ ಗುಂಡಿ ಒತ್ತಿದರೆ "ಕೂ" ಎಂಬ ಒಂದು ಪದ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ತೋಟಕ್ಕೆ. ನೆಟ್‌ವರ್ಕ್ ಚೆನ್ನಾಗಿದ್ದರೆ ಒಂದು ಸೆಕೆಂಡೂ ಬೇಡ. ಎರಡು ಬಡಿತದ ನಡುವೆ ಕನಿಷ್ಠ 30 ಸೆಕೆಂಡು ಇರಲಿ. ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಗಂಟೆ ಪೂರ್ತಿ ಬಂದ್. ಮನೆಯವರ ನಿದ್ದೆ, ಕಾಡಿನ ಪ್ರಾಣಿಗಳ ರಾತ್ರಿ ಎರಡನ್ನೂ ಕೆಡಿಸಬಾರದು. ಕತ್ತಲಲ್ಲಿ ಒಂದೇ ಕೂಗಿಗೆ ಓ ಅನ್ನಬಾರದು ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ಗಂಟೆಯೂ ಆ ಮಾತು ಪಾಲಿಸಲಿ.

ಆ ಹತ್ತು ಸೆಕೆಂಡು

ಹೆಚ್ಚಿನವರು ತಡವನ್ನು ದೋಷ ಎಂದುಕೊಂಡು ಕಡಿಮೆ ಮಾಡಲು ಒದ್ದಾಡುತ್ತಾರೆ. ಬೇಡ. ಐಸ್‌ಕಾಸ್ಟ್ ಹೊಸ ಕೇಳುಗರಿಗೆ ಮೊದಲೇ ಸುಮಾರು 64 ಕಿಲೋಬೈಟ್ ದನಿಯನ್ನು ಒಮ್ಮೆಗೇ ಕೊಡುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಅದು 8 ಸೆಕೆಂಡು. ಆಮೇಲೆ ಕೇಳುಗರು ಅಷ್ಟೇ ಹಿಂದೆ ಉಳಿಯುತ್ತಾರೆ. ಉಳಿದ ಅಡೆತಡೆ ಸೇರಿ ಹತ್ತರ ಹತ್ತಿರ ಬರುತ್ತದೆ.

ಇದನ್ನು ಗುಡ್ಡದ ಲೆಕ್ಕದಲ್ಲಿ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ಕೂಗಿದ್ದು 8 ಸೆಕೆಂಡಿಗೆ ಮಾರ್ದನಿಯಾಗಿ ಬಂತು ಅಂದರೆ ಗುಡ್ಡ 1,360 ಮೀಟರ್ ದೂರದಲ್ಲಿದೆ. ಅಂದರೆ ಸರ್ವರ್ ನಿಮ್ಮ ಎದುರಿಗೆ ಒಂದು ಗುಡ್ಡ ತಂದು ನಿಲ್ಲಿಸಿದೆ. ಗುಂಡಿ ಒತ್ತಿದವರು ಕಾಯುತ್ತಾರೆ. ಆ ಕಾಯುವ ಹೊತ್ತಿನಲ್ಲಿ ಅವರು ಮಳೆಯನ್ನು ಕೇಳಿಸಿಕೊಳ್ಳುವಷ್ಟು ಗಮನವಿಟ್ಟು ಬೇರೆ ಯಾವಾಗಲೂ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ ಪರದೆ ಬೇಡ, ಕಾಯಿರಿ ಎಂಬ ಬರಹ ಬೇಡ, ಮಿನುಗುವ ದೀಪ ಬೇಡ.

ನಮ್ಮ ಕೋಣೆಗೆ ಬಂದ ಒಬ್ಬ ಅಜ್ಜಿ ಗುಂಡಿ ಒತ್ತಿ ಏನೂ ಆಗಲಿಲ್ಲ ಎಂದು ಎದ್ದು ಹೊರಟರು. ಬಾಗಿಲ ಹತ್ತಿರ ಹೋಗುವಾಗ ಟೊಕ್ ಎಂದಿತು. ಅದರ ಹಿಂದೆಯೇ ತೋಟದ ಮನೆಯ ಹುಡುಗಿಯ "ಓ..." ಬಂತು. ಅಜ್ಜಿ ತಿರುಗಿ ನಿಂತು ಪೆಟ್ಟಿಗೆಗೆ ಜೋರಾಗಿ "ಓ" ಎಂದರು. "ಅಜ್ಜಿ, ಅದಕ್ಕೆ ಕೇಳಿಸಲ್ಲ" ಅಂದೆ. "ಕೇಳಿಸ್ಲಿ ಬಿಡ್ಲಿ ಮಾರಾಯ, ಕರೆದವರಿಗೆ ಓ ಅನ್ನದೆ ಇರಕ್ಕಾಗುತ್ತಾ?" ಅಂದರು.

ಪೇಟೆಯ ಪೆಟ್ಟಿಗೆ

ಗುಜರಿಯಲ್ಲಿ ಸಿಗುವ ಹಳೇ ಮರದ ರೇಡಿಯೊ ಪೆಟ್ಟಿಗೆ ತನ್ನಿ. ಕೆಟ್ಟದ್ದೇ ಆಗಲಿ, ಚಾಲೂ ಇರುವುದನ್ನು ಬಿಚ್ಚಬೇಡಿ. ಒಳಗೆ ಒಂದು ಪೈ 4, ಒಂದು ಸಣ್ಣ ಆಂಪ್ಲಿಫೈಯರ್, ಸ್ಪೀಕರ್. ತಿರುಗಿಸುವ ಗುಂಡಿಗೆ ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ಭಾಗ, ಹಾಕಬೇಕು. ಪೈಗೆ ಅದನ್ನು ನೇರವಾಗಿ ಓದಲು ಬರುವುದಿಲ್ಲ, ನಡುವೆ ಆರ್ಡುಯಿನೊ ಊನೊ ಎಂಬ ಸಣ್ಣ ಬೋರ್ಡ್ ಇಡಿ. ಅದು ಗುಂಡಿಯ ಜಾಗವನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಹೇಳುತ್ತದೆ.

ಪೈಯಲ್ಲಿ ಎಂಪಿವಿ ಪ್ಲೇಯರನ್ನು ನಾಲ್ಕು ಸಲ ಚಾಲೂ ಮಾಡಿ, ಒಂದೊಂದಕ್ಕೆ ಒಂದೊಂದು ಮೂಲ. ಎಲ್ಲವೂ ಸದಾ ಓಡುತ್ತಿರಲಿ, ಗುಂಡಿಯ ಪ್ರಕಾರ ದನಿ ಮಾತ್ರ ಏರಿಳಿಯಲಿ. ಇದನ್ನು ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸರಿ ನಡುವೆ ಎರಡೂ 50 ಇಟ್ಟರೆ ದನಿ ತೀರಾ ಕುಸಿಯುತ್ತದೆ. ನಡುವೆ ಎರಡೂ ದನಿಯ ಅಲೆ 0.707 ಪಟ್ಟು ಇರಬೇಕು. ಎಂಪಿವಿಯಲ್ಲಿ ವಾಲ್ಯೂಮ್ ಅಂಕಿ ಘನದ ಲೆಕ್ಕದಲ್ಲಿ ಓಡುತ್ತದೆ, ಹಾಗಾಗಿ 0.707 ಬೇಕಿದ್ದರೆ 89 ಎಂದು ಕೊಡಬೇಕು. ಇದು ತಿಳಿಯುವವರೆಗೆ ನನ್ನ ತೋಟ ಮತ್ತು ಹಳ್ಳದ ನಡುವೆ ಒಂದು ಹೊಂಡ ಬಿದ್ದ ಹಾಗೆ ಇತ್ತು.

ನಾಲ್ಕನೆಯ ಮೂಲ ನಿಜವಾದ ರೇಡಿಯೊ. ಇದಕ್ಕೆ ಚಾಲೂ ಇರುವ ಬೇರೆ ಒಂದು ರೇಡಿಯೊ ಸೆಟ್ಟು ಬೇಕು. ಭದ್ರಾವತಿ ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್, ಎಫ್‌ಎಂನಲ್ಲಿ 103.5 ಮೆಗಾಹರ್ಟ್ಸ್. ಹಳೇ ಪೆಟ್ಟಿಗೆಯಲ್ಲಿ ನನಗೆ ಮೀಡಿಯಂ ವೇವೇ ಇಷ್ಟ. ಅದರ ಅಲೆ ಸುಮಾರು 444 ಮೀಟರ್ ಉದ್ದ, ಗುಡ್ಡ ಕಣಿವೆಗಳನ್ನು ಸವರಿಕೊಂಡು ಬರುತ್ತದೆ. ಎಫ್‌ಎಂ ಅಲೆ ಮೂರು ಮೀಟರೂ ಇಲ್ಲ, ಗುಡ್ಡ ಅಡ್ಡ ಬಂದರೆ ಮಂಕಾಗುತ್ತದೆ. ಕಣಿವೆಯ ಎಷ್ಟೋ ಮನೆಗಳಲ್ಲಿ ಎಫ್‌ಎಂ ಕೇಳದಿದ್ದರೂ ಭದ್ರಾವತಿ ಕೇಳುತ್ತಿದ್ದುದು ಇದಕ್ಕೇ.

ತೊಂದರೆ ಎಂದರೆ ಪೈ ಮತ್ತು ಅದರ ಚಾರ್ಜರು ಮೀಡಿಯಂ ವೇವ್‌ನಲ್ಲಿ ಕರಕರ ಹುಟ್ಟಿಸುತ್ತವೆ. ರೇಡಿಯೊ ಸೆಟ್ಟನ್ನು ಅವುಗಳಿಂದ ಎರಡು ಮೀಟರ್ ದೂರ ಇಡಿ. ಆಮೇಲೆ ಸೆಟ್ಟನ್ನು ನಿಧಾನಕ್ಕೆ ತಿರುಗಿಸಿ. ಒಳಗಿನ ಫೆರೈಟ್ ಕಡ್ಡಿಯ ತುದಿ ಯಾವ ಕಡೆ ನೋಡುತ್ತದೋ ಆ ಕಡೆಯ ದನಿ ಅದಕ್ಕೆ ಅತಿ ಕಡಿಮೆ ಕೇಳುತ್ತದೆ. ಕಡ್ಡಿಯ ತುದಿ ಕರಕರದ ಕಡೆಗೆ ಬರುವ ಹಾಗೆ ಇಡಿ. ಅಜ್ಜನ ಕಾಲದಲ್ಲಿ ಗೂಡಿನಲ್ಲಿ ರೇಡಿಯೊ ಓರೆಯಾಗಿ ಕೂತಿರುತ್ತಿತ್ತು, ಯಾರಾದರೂ ನೇರ ಮಾಡಿದರೆ ಬೈಸಿಕೊಳ್ಳುತ್ತಿದ್ದರು. ಗುಟ್ಟು ಇದೇ.

ಸೆಟ್ಟಿನ ಇಯರ್‌ಫೋನ್ ತೂತಿನಿಂದ ತಂತಿ ಎಳೆದು ಪೈಯ ಸೌಂಡ್ ಕಾರ್ಡಿಗೆ ಕೊಡಿ. ಅದು ಮೈಕಿನ ತೂತು, ಬಹಳ ನಾಜೂಕು. ರೇಡಿಯೊ ದನಿಯನ್ನು ತೀರಾ ಸಣ್ಣದು ಮಾಡಿಯೇ ಜೋಡಿಸಿ.

ಸ್ಥಳೀಯ ಪ್ರಸಾರ, ಪ್ರದರ್ಶನದ ದಿನ

ಕೋಣೆಯಲ್ಲಿ ಒಂದು ವೈಫೈ ರೂಟರ್ ಇಡಿ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ಪೈಗೆ ಇದ್ದರೆ ಸಾಕು. ಪೇಟೆಯ ಪೈಯಲ್ಲೇ ಇನ್ನೊಂದು ಐಸ್‌ಕಾಸ್ಟ್ ಹಾಕಿ, ತೋಟದ ಧಾರೆಯನ್ನು ಅದರಿಂದ ಮರುಪ್ರಸಾರ ಮಾಡಿ. ಐವತ್ತು ಫೋನ್ ಕೇಳಿದರೂ ಒಟ್ಟು 3.2 ಮೆಗಾಬಿಟ್, ಸಾಧಾರಣ ರೂಟರ್ ತಡೆಯುತ್ತದೆ. ಬಂದವರು ತಮ್ಮ ಫೋನಿನಲ್ಲಿ ಧಾರೆ ಹಾಕಿ ಕೋಣೆಯಲ್ಲಿ ಓಡಾಡಲಿ. ಒಂದೊಂದು ಫೋನಿನ ತಡ ಒಂದೊಂದು ಥರ. ಹಾಗಾಗಿ ಒಂದು ಟೊಕ್ ಇಪ್ಪತ್ತು ಕಡೆ ಹಿಂದೆ ಮುಂದೆ ಬಡಿಯುತ್ತದೆ, ದನಗಳ ಹಿಂಡು ಸಂಜೆ ಮನೆಗೆ ಬಂದ ಹಾಗೆ. ಇದನ್ನು ಸರಿಪಡಿಸಲು ಹೋಗಬೇಡಿ.

ಹೊರಗೆ ಧ್ವನಿವರ್ಧಕ ಹಾಕುವುದಾದರೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವ ಹಾಗಿಲ್ಲ. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ವಾಸದ ಬಡಾವಣೆಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಈ ಕೆಲಸಕ್ಕೆ ಅಷ್ಟು ಜೋರು ಬೇಕಾಗಿಯೂ ಇಲ್ಲ.

ಸಮುದಾಯ ಬಾನುಲಿಯವರ ಹತ್ತಿರ ಹೋಗುವಾಗ ಯೋಚನೆಯನ್ನು ಬಾಯಲ್ಲಿ ಹೇಳಬೇಡಿ, ಹತ್ತು ನಿಮಿಷದ ದನಿ ಮುದ್ರಿಸಿಕೊಂಡು ಹೋಗಿ ಕೇಳಿಸಿ. ಒಪ್ಪಿದರೆ ಅರ್ಧ ಗಂಟೆಯ ನೇರ ಕಾರ್ಯಕ್ರಮ ಮಾಡಿ. ತೋಟದ ಧಾರೆ ಅವರ ಎಫ್‌ಎಂನಲ್ಲಿ ಹೋಗುತ್ತದೆ. ಕೇಳುಗರು ಸ್ಟುಡಿಯೊಗೆ ಫೋನ್ ಮಾಡಿದರೆ ನಿರೂಪಕರು ಗಂಟೆಯ ಗುಂಡಿ ಒತ್ತುತ್ತಾರೆ. ಇಂಟರ್ನೆಟ್ ಇಲ್ಲದ, ಬಟನ್ ಫೋನ್ ಇರುವ ಮನೆಯವರೂ ಹೀಗೆ ಕೂ ಹಾಕಬಹುದು. ನನಗೆ ಈ ಭಾಗವೇ ಎಲ್ಲಕ್ಕಿಂತ ಮುಖ್ಯ. ನೆಟ್‌ವರ್ಕ್ ಸಿಗದ ಕಣಿವೆಯವರನ್ನು ಹೊರಗಿಟ್ಟು ಮಲೆನಾಡಿನ ಶಬ್ದಕಲೆ ಎಂದರೆ ಹೇಗೆ ಸರಿಯಾಗುತ್ತದೆ? ಫೋನ್ ಮಾಡಿದವರಿಗೆ ತಮ್ಮ ರೇಡಿಯೊದ ದನಿ ಸಣ್ಣ ಮಾಡಲು ಹೇಳಿ, ಇಲ್ಲದಿದ್ದರೆ ಫೋನಿನಲ್ಲಿ ಅದೇ ದನಿ ಸುತ್ತುತ್ತದೆ.

ಹೊರಜಗತ್ತಿಗೂ ಕೇಳಿಸಬೇಕೆಂದಿದ್ದರೆ ರಿವೇಲ್ ಎಂಬ ಪ್ರಸಾರ ಇದೆ. 2014ರಿಂದ ಪ್ರತಿ ವರ್ಷ ಮೇ ತಿಂಗಳ ಮೊದಲ ವಾರಾಂತ್ಯದ ಹೊತ್ತಿಗೆ 24 ಗಂಟೆ ಕಾಲ, ಭೂಮಿಯಲ್ಲಿ ಎಲ್ಲೆಲ್ಲಿ ಬೆಳಗಾಗುತ್ತದೋ ಅಲ್ಲಲ್ಲಿನ ಮೈಕುಗಳನ್ನು ಒಂದಾದ ಮೇಲೊಂದು ಕೇಳಿಸುತ್ತಾರೆ. ನಿಮ್ಮ ತೋಟದ ಧಾರೆಯನ್ನೂ ಸೇರಿಸಿಕೊಳ್ಳುವಂತೆ ಅವರನ್ನು ಕೇಳಬಹುದು. ಮನೆಯವರ ಒಪ್ಪಿಗೆ ಮತ್ತೊಮ್ಮೆ ಕೇಳಿಕೊಳ್ಳಿ. ಪೇಟೆಯ ಒಂದು ಕೋಣೆಗೆ ಒಪ್ಪಿದವರು ಇಡೀ ಜಗತ್ತಿಗೆ ಒಪ್ಪಿದ್ದಾರೆ ಎಂದುಕೊಳ್ಳಬಾರದು.

ಮಳೆ ಬಿಟ್ಟ ಮೇಲೆ

ಹಿಂಗಾರು ಮುಗಿದ ಮೇಲೆ ಪೆಟ್ಟಿಗೆ ಇಳಿಸಿ, ಬಿಸಿಲಿಗೆ ಒಣಗಿಸಿ, ಮೈಕಿನ ಸ್ಪಂಜು ಬದಲಿಸಿ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಹಳ್ಳದ ಧಾರೆಯಲ್ಲಿ ಹೆಚ್ಚೇನೂ ಇರುವುದಿಲ್ಲ. ಆಗ ಅಡಿಕೆ ಸುಲಿಯುವ ಕಡೆ ಮೈಕು ಇಡಬಹುದು. ಮೆಟ್ಟುಗತ್ತಿಗೆ ಸಿಪ್ಪೆ ಸೀಳುವ ಸದ್ದು, ಬುಟ್ಟಿಗೆ ಅಡಿಕೆ ಬೀಳುವ ಸದ್ದು ಬಹಳ ಚೆಂದ. ಆದರೆ ಅಲ್ಲಿ ಹತ್ತು ಜನ ಕೂತು ಮನೆಯ ಕಷ್ಟ ಸುಖ ಎಲ್ಲ ಮಾತಾಡುತ್ತಾರೆ. ಹಾಗಾಗಿ ಮೊದಲು ಪೇಟೆಯ ಪೆಟ್ಟಿಗೆಯನ್ನೇ ಒಂದು ದಿನ ಅಲ್ಲಿಗೆ ಹೊತ್ತುಕೊಂಡು ಹೋಗಿ. ಅವರೇ ಗುಂಡಿ ತಿರುಗಿಸಲಿ, ಗಂಟೆ ಬಡಿಯಲಿ, ತಮ್ಮ ಸದ್ದು ಹತ್ತು ಸೆಕೆಂಡಿಗೆ ಹೇಗೆ ವಾಪಸ್ ಬರುತ್ತದೆ ಎಂದು ಕೇಳಲಿ. ಆಮೇಲೆ ಮೈಕು ಇಡೋಣವೇ ಎಂದು ಕೇಳಿ. ಸುಲಿಯಲು ಕೂತವರಲ್ಲಿ ಎಲ್ಲರಿಗಿಂತ ಹಿರಿಯರ ಕೈಗೆ ಸ್ವಿಚ್ಚು ಕೊಡಿ.